ತಿಂಗಳ ಸಂಬಳದವರಿಗೂ ಓಟಿ ಸಿಗಬೇಕೇ? ಪದೇ ಪದೇ ಕೇಳುವ ಪ್ರಶ್ನೆಗಳು

ಓಟಿ (ಓವರ್‌ಟೈಮ್, ಅಂದರೆ ಹೆಚ್ಚುವರಿ ಹೊತ್ತಿನ ದುಡಿಮೆಗೆ ಕೊಡುವ ವೇತನ) ಕಾರ್ಖಾನೆ ಕಾರ್ಮಿಕರಿಗಲ್ಲವೇ? ತಿಂಗಳ ಸಂಬಳದವರ ಮಾತೇಕೆ ಬಂತು?

ಸಂಬಳ ದಿನಕ್ಕೊಮ್ಮೆ ಬರುತ್ತದೆಯೋ ತಿಂಗಳಿಗೊಮ್ಮೆ ಬರುತ್ತದೆಯೋ ಎನ್ನುವುದನ್ನು ನೋಡಿ ನಮ್ಮ ಕಾನೂನು ಓಟಿ ಕೊಡುವುದಿಲ್ಲ. ಕಾರ್ಖಾನೆಯ ಕಾಯಂ ಕಾರ್ಮಿಕನಿಗೂ ತಿಂಗಳ ಸಂಬಳವೇ. ಅವನಿಗೆ ಓಟಿ ಇದೆ. ಆದರೆ ಕಚೇರಿಯಲ್ಲಿ ಕುಳಿತು ಕೆಲಸ ಮಾಡುವವರಿಗೆ, ಅದರಲ್ಲೂ ‘ಎಕ್ಸಿಕ್ಯೂಟಿವ್’, ‘ಆಫೀಸರ್’, ‘ಅಸಿಸ್ಟೆಂಟ್ ಮ್ಯಾನೇಜರ್’ ಎಂಬ ಹುದ್ದೆಯಲ್ಲಿರುವವರಿಗೆ, ಓಟಿ ಎಂಬುದು ತಮಗೆ ಸಂಬಂಧಿಸಿದ ವಿಷಯವೇ ಅಲ್ಲ ಎಂಬ ನಂಬಿಕೆ ಬೇರೂರಿದೆ. ನೇಮಕಾತಿ ಪತ್ರಕ್ಕೆ ಸಹಿ ಹಾಕಿದ ದಿನವೇ ಸಂಜೆಯ ಸಮಯವನ್ನೂ ಕಂಪನಿಗೆ ಬರೆದುಕೊಟ್ಟಂತೆ ಅವರು ದುಡಿಯುತ್ತಾರೆ. ಈ ಬರಹ ಅವರನ್ನು ಕುರಿತದ್ದು.

ಕರ್ನಾಟಕದ ಕಚೇರಿ ನೌಕರರ ಬಗ್ಗೆ ಕಾನೂನು ಏನು ಹೇಳುತ್ತದೆ?

ಕಚೇರಿ, ಅಂಗಡಿ, ಹೋಟೆಲ್, ಸಾಫ್ಟ್‌ವೇರ್ ಕಂಪನಿಗಳಿಗೆಲ್ಲ ಅನ್ವಯಿಸುವುದು 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ. ಅದರ ಪ್ರಕಾರ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಮೀರಿ ದುಡಿಸಿಕೊಂಡರೆ ಆ ಹೆಚ್ಚುವರಿ ಸಮಯಕ್ಕೆ ದುಪ್ಪಟ್ಟು ದರದಲ್ಲಿ ವೇತನ ಕೊಡಬೇಕು. ಹಣ ಕೊಡುತ್ತೇವೆಂದು ಎಷ್ಟು ಬೇಕಾದರೂ ದುಡಿಸುವಂತಿಲ್ಲ. ಓಟಿಯೂ ಸೇರಿ ದಿನಕ್ಕೆ 10 ಗಂಟೆ, ಸತತ ಮೂರು ತಿಂಗಳಲ್ಲಿ ಒಟ್ಟು 50 ಗಂಟೆ ಓಟಿ ಎಂಬ ಮಿತಿಗಳನ್ನು ಕಾಯ್ದೆಯಲ್ಲಿ ಹಾಕಲಾಗಿದೆ. ದಾಸ್ತಾನು ಎಣಿಕೆ, ಲೆಕ್ಕಪತ್ರ ತಯಾರಿಯಂಥ ದಿನಗಳಿಗೆ ಮಾತ್ರ ದಿನದ ಮಿತಿಯಲ್ಲಿ ಸಡಿಲಿಕೆ ಇದೆ.

ಇದರಲ್ಲಿ ಸಂಬಳದ ಮೇಲ್ಮಿತಿ ಇಲ್ಲ. ಹೊರಗಿಟ್ಟಿರುವುದು ‘ನಿರ್ವಹಣಾ ಸ್ಥಾನ’ದಲ್ಲಿರುವವರನ್ನು. ಹಾಗಾಗಿ ಲಕ್ಷ ರೂಪಾಯಿ ಸಂಬಳ ಪಡೆಯುವ, ಆದರೆ ಯಾರನ್ನೂ ನಿರ್ವಹಿಸದ ಎಂಜಿನಿಯರ್ ಕೂಡ ಕಾಯ್ದೆಯ ಅಕ್ಷರದ ಪ್ರಕಾರ ಅದರ ಒಳಗೇ ಇದ್ದಾನೆ. ಈ ಮಾತು ಕೇಳಿ ಹುಬ್ಬೇರಿಸದ ಎಂಜಿನಿಯರ್ ನನಗೆ ಸಿಕ್ಕಿದ್ದು ಅಪರೂಪ.

ಐಟಿ ಕಂಪನಿಗಳಿಗೆ ಕಾರ್ಮಿಕ ಕಾನೂನಿನಿಂದ ವಿನಾಯಿತಿ ಇದೆಯಲ್ಲ?

ವಿನಾಯಿತಿ ಇದ್ದದ್ದು ಬೇರೆ ಕಾಯ್ದೆಯಿಂದ. 1946ರ ಕೈಗಾರಿಕಾ ಉದ್ಯೋಗ ಸ್ಥಾಯಿ ಆದೇಶಗಳ ಕಾಯ್ದೆ, ಅಂದರೆ ಶಿಸ್ತುಕ್ರಮ, ರಜೆ, ವಜಾ ಮುಂತಾದವುಗಳ ನಿಯಮಗಳನ್ನು ಲಿಖಿತವಾಗಿ ಇಟ್ಟುಕೊಳ್ಳಬೇಕೆನ್ನುವ ಕಾಯ್ದೆ. ಅದರಿಂದ ಐಟಿ ವಲಯಕ್ಕೆ ಕರ್ನಾಟಕ ಸರ್ಕಾರ ವಿನಾಯಿತಿ ಕೊಡುತ್ತಲೇ ಬಂದಿತ್ತು. 2024ರ ಮಾರ್ಚ್‌ನಲ್ಲಿ ಷರತ್ತುಗಳೊಂದಿಗೆ ಮತ್ತೆ ಐದು ವರ್ಷಕ್ಕೆ ವಿಸ್ತರಿಸಿತು. ಕೆಲಸದ ಗಂಟೆಗಳಿಗೂ ಓಟಿಗೂ ಆ ವಿನಾಯಿತಿಯಿಂದ ಯಾವ ಬಾಧೆಯೂ ಇಲ್ಲ. ಇವೆರಡನ್ನು ಬೆರೆಸಿ ‘ಐಟಿಗೆ ಕಾನೂನೇ ಇಲ್ಲ’ ಎಂದು ಹೇಳುವವರ ಮಾತನ್ನು ನಂಬಬೇಡಿ.

ಕಾನೂನು ಇರುವುದರಿಂದಲೇ ಅದನ್ನು ಬದಲಿಸಲು ಯತ್ನಗಳು ನಡೆದವು. 2024ರ ಜುಲೈನಲ್ಲಿ ಐಟಿ ನೌಕರರನ್ನು ದಿನಕ್ಕೆ 12 ಗಂಟೆಗಿಂತಲೂ ಹೆಚ್ಚು, ಮೂರು ತಿಂಗಳಲ್ಲಿ 125 ಗಂಟೆಗಳವರೆಗೆ ಹೆಚ್ಚುವರಿಯಾಗಿ ದುಡಿಸಲು ಅವಕಾಶ ಕೊಡುವ ತಿದ್ದುಪಡಿಯ ಪ್ರಸ್ತಾವ ಬಂತು. ಬೇಡಿಕೆ ಬಂದದ್ದು ಉದ್ಯಮದ ಕಡೆಯಿಂದ ಎಂದು ಕಾರ್ಮಿಕ ಸಚಿವ ಸಂತೋಷ್ ಲಾಡ್ ಹೇಳಿದ್ದರು. ಐಟಿ ನೌಕರರ ಸಂಘ ಕೆಐಟಿಯು ಬೀದಿಗಿಳಿದ ಮೇಲೆ ಅದು ತಣ್ಣಗಾಯಿತು. 2025ರ ಜೂನ್‌ನಲ್ಲಿ ಮತ್ತೊಂದು ಪ್ರಸ್ತಾವ: ದಿನಕ್ಕೆ 10 ಗಂಟೆ, ಓಟಿ ಸೇರಿ 12 ಗಂಟೆ, ಮೂರು ತಿಂಗಳ ಓಟಿ ಮಿತಿ 50ರಿಂದ 144 ಗಂಟೆಗೆ. ಸಂಘ ಮತ್ತೆ ಪ್ರತಿಭಟಿಸಿತು. ಚರ್ಚೆಯೆಲ್ಲ ಇನ್ನೂ ಎಷ್ಟು ಹೊತ್ತು ದುಡಿಸಬಹುದು ಎಂಬುದರ ಸುತ್ತಲೇ ನಡೆಯಿತು. ಈಗಾಗಲೇ ದುಡಿಸಿಕೊಂಡಿರುವ ಗಂಟೆಗಳಿಗೆ ಹಣ ಯಾರು ಕೊಡುತ್ತಾರೆ ಎಂಬ ಪ್ರಶ್ನೆ ಹಿಂದಕ್ಕೆ ಸರಿದದ್ದು ನನಗೆ ಇಂದಿಗೂ ಬೇಸರದ ಸಂಗತಿ.

ಹೊಸ ಕಾರ್ಮಿಕ ಸಂಹಿತೆಗಳು ಬಂದವಲ್ಲ, ಅವುಗಳಿಂದ ಏನಾದರೂ ಬದಲಾಗಿದೆಯೇ?

ನಾಲ್ಕು ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದವು. 29 ಕೇಂದ್ರ ಕಾಯ್ದೆಗಳು ಅವುಗಳಲ್ಲಿ ವಿಲೀನವಾದವು. ರಾಜ್ಯದ ಅಂಗಡಿ ಕಾಯ್ದೆ ಆ ಪಟ್ಟಿಯಲ್ಲಿ ಇಲ್ಲ.

ಓಟಿ ವಿಚಾರದಲ್ಲಿ ಸಂಹಿತೆಗಳು ಎರಡು ದಿಕ್ಕಿಗೆ ಎಳೆಯುತ್ತವೆ. ವೇತನ ಸಂಹಿತೆಯ ‘ಉದ್ಯೋಗಿ’ ಎಂಬ ವ್ಯಾಖ್ಯೆಯಲ್ಲಿ ಮೇಲ್ವಿಚಾರಕರು, ಆಡಳಿತ ಸಿಬ್ಬಂದಿ, ವ್ಯವಸ್ಥಾಪಕರು ಎಲ್ಲರೂ ಬರುತ್ತಾರೆ. ಕನಿಷ್ಠ ವೇತನ ನಿಗದಿಯಾಗಿರುವ ಉದ್ಯೋಗಿ ಹೆಚ್ಚು ಹೊತ್ತು ದುಡಿದರೆ ದುಪ್ಪಟ್ಟು ದರ ಕೊಡಬೇಕೆಂದೂ ಅದು ಹೇಳುತ್ತದೆ. ಇತ್ತ ಔದ್ಯೋಗಿಕ ಸುರಕ್ಷತೆಯ ಸಂಹಿತೆ ಓಟಿಯನ್ನು ‘ಕಾರ್ಮಿಕ’ನಿಗೆ ಸೀಮಿತಗೊಳಿಸುತ್ತದೆ. ವ್ಯವಸ್ಥಾಪಕರೂ ಆಡಳಿತ ಹುದ್ದೆಯವರೂ, ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ವೇತನದ ಮೇಲ್ವಿಚಾರಕರೂ ಅದರ ಹೊರಗೆ. ಓಟಿ ಮಾಡಿಸಲು ಕಾರ್ಮಿಕನ ಒಪ್ಪಿಗೆ ಬೇಕು ಎಂಬ ಒಳ್ಳೆಯ ಮಾತು ಇರುವುದೂ ಇದರಲ್ಲೇ.

18,000 ರೂಪಾಯಿ! ಬೆಂಗಳೂರಿನಲ್ಲಿ ಅಷ್ಟು ಸಂಬಳದ ಮೇಲ್ವಿಚಾರಕನನ್ನು ಸಿರಿವಂತರ ಸಾಲಿಗೆ ಸೇರಿಸುವ ಮಿತಿ ಯಾರ ಬಾಳಿಗೂ ಹೊಂದುವುದಿಲ್ಲ.

ದುಪ್ಪಟ್ಟು ಎಂದರೆ ಕೈಗೆ ಎಷ್ಟು ಬರುತ್ತದೆ?

ಒಂದು ಲೆಕ್ಕ ಹಾಕೋಣ. ತಿಂಗಳ ಸಂಬಳ 30,000 ರೂಪಾಯಿ. 26 ದಿನ, ದಿನಕ್ಕೆ 8 ಗಂಟೆಯಂತೆ 208 ಗಂಟೆ. ಗಂಟೆಗೆ ಸುಮಾರು 144 ರೂಪಾಯಿ, ಓಟಿ ದರ 288 ರೂಪಾಯಿ. ಮೂರು ತಿಂಗಳಿಗೆ ಕಾನೂನು ಒಪ್ಪುವ 50 ಗಂಟೆಗೆ 14,400 ರೂಪಾಯಿಗೂ ಸ್ವಲ್ಪ ಹೆಚ್ಚು. ಎರಡು ಮಕ್ಕಳ ಶಾಲೆಯ ವಾಹನ ಶುಲ್ಕವೋ, ಊರಲ್ಲಿರುವ ತಾಯಿಯ ಔಷಧಿಯೋ, ಏನಾದರೊಂದು ನಿಭಾಯಿಸಬಹುದಾದ ಮೊತ್ತ.

ಈಗ ಅದೇ ಸಂಬಳ ಚೀಟಿಯನ್ನು ಹತ್ತಿರದಿಂದ ನೋಡಿ. 30,000ದಲ್ಲಿ ಮೂಲ ವೇತನ 15,000 ಮಾತ್ರ. ಉಳಿದದ್ದು ಮನೆ ಬಾಡಿಗೆ ಭತ್ಯೆ, ಪ್ರಯಾಣ ಭತ್ಯೆ ಇತ್ಯಾದಿ. ಓಟಿಯನ್ನು ಮೂಲ ವೇತನದ ಮೇಲೆ ಲೆಕ್ಕ ಹಾಕಿದರೆ ಗಂಟೆಗೆ 72 ರೂಪಾಯಿ, ಅದರ ದುಪ್ಪಟ್ಟು 144. ಅಂದರೆ ‘ದುಪ್ಪಟ್ಟು’ ಎಂದು ಕೊಟ್ಟ ದರ, ಒಟ್ಟು ಸಂಬಳದ ಮಾಮೂಲಿ ಗಂಟೆಯ ದರಕ್ಕೆ ಸರಿಸಮ! ಹಳೆಯ ಕಾರ್ಖಾನೆ ಕಾಯ್ದೆಯಲ್ಲಿ ಓಟಿ ದರಕ್ಕೆ ಭತ್ಯೆಗಳೂ ಸೇರುತ್ತಿದ್ದವು. ಹೊಸ ಸಂಹಿತೆಗಳ ‘ವೇತನ’ದಲ್ಲಿ ಹಲವು ಭತ್ಯೆಗಳು ಹೊರಗುಳಿಯುತ್ತವೆ, ಹೊರಗುಳಿದದ್ದು ಒಟ್ಟು ಮೊತ್ತದ ಅರ್ಧವನ್ನು ಮೀರಿದರೆ ಮೀರಿದ ಭಾಗ ವೇತನಕ್ಕೆ ಸೇರುತ್ತದೆ. ಆದ್ದರಿಂದ ಓಟಿಯನ್ನು ಯಾರಿಗೆ ವಿಸ್ತರಿಸಬೇಕು ಎಂದು ಕೇಳುವಾಗಲೇ ಯಾವ ಮೊತ್ತದ ಮೇಲೆ ಎಂಬುದನ್ನೂ ಕೇಳಬೇಕು.

ವಿಸ್ತರಿಸಿದರೆ ಆಗುವ ಒಳ್ಳೆಯದೇನು?

ಹಣ ಮೊದಲ ಉತ್ತರ. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡದು ಬೇರೆ ಇದೆ. ಪುಕ್ಕಟೆ ಸಿಗುವ ವಸ್ತುವನ್ನು ಯಾರೂ ಮಿತವಾಗಿ ಬಳಸುವುದಿಲ್ಲ. ಸಂಜೆ ಆರರ ಮೇಲಿನ ಗಂಟೆಗೆ ಬೆಲೆಯೇ ಇಲ್ಲದಿದ್ದಾಗ ಸಭೆಯನ್ನು ಆರಕ್ಕೇ ಕರೆಯುತ್ತಾರೆ, ಶುಕ್ರವಾರ ಸಂಜೆ ‘ಸೋಮವಾರ ಬೆಳಿಗ್ಗೆ ಬೇಕು’ ಎನ್ನುತ್ತಾರೆ, ಮೂವರು ಮಾಡುವ ಕೆಲಸಕ್ಕೆ ಇಬ್ಬರನ್ನು ಇಡುತ್ತಾರೆ. ಆ ಗಂಟೆಗೆ ದುಪ್ಪಟ್ಟು ದರ ಬಿದ್ದ ತಿಂಗಳು ವ್ಯವಸ್ಥಾಪಕನಿಗೆ ಮೇಲಿನಿಂದ ಪ್ರಶ್ನೆ ಬರುತ್ತದೆ: ಈ ವಿಭಾಗದಲ್ಲಿ ಇಷ್ಟು ಓಟಿ ಏಕೆ? ಆ ಪ್ರಶ್ನೆ ಕೇಳಿಸಲೆಂದೇ ಓಟಿ ಇರುವುದು.

ಆರೋಗ್ಯದ ಲೆಕ್ಕವೂ ಇದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗಿಂತ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು, ಹೃದ್ರೋಗದಿಂದ ಸಾಯುವ ಅಪಾಯ ಶೇ 17ರಷ್ಟು ಹೆಚ್ಚು. 2023ರಲ್ಲಿ ನಾರಾಯಣ ಮೂರ್ತಿಯವರು ಯುವಜನ ವಾರಕ್ಕೆ 70 ಗಂಟೆ ದುಡಿಯಬೇಕು ಎಂದಾಗ ಪರ-ವಿರೋಧ ಚರ್ಚೆ ದೇಶಭಕ್ತಿ, ಸೋಮಾರಿತನಗಳ ಸುತ್ತ ಸುತ್ತಿತು. ಈ ಅಂಕಿಗಳನ್ನು ಎದುರಿಗಿಟ್ಟುಕೊಂಡು ನಡೆಯಬೇಕಿದ್ದ ಚರ್ಚೆ ಅದು.

ಕಂಪನಿಗಳ ಆಕ್ಷೇಪಗಳಲ್ಲಿ ಹುರುಳಿಲ್ಲವೇ?

ಇದೆ. ಕೆಲವು ಗಟ್ಟಿಯಾಗಿಯೇ ಇವೆ.

ನಿಗದಿತ ಮೊತ್ತಕ್ಕೆ ಗುತ್ತಿಗೆ ಒಪ್ಪಿಕೊಂಡ ಸಣ್ಣ ಕಂಪನಿಗೆ ಕೊನೆಯ ತಿಂಗಳ ಒತ್ತಡದಲ್ಲಿ ದುಪ್ಪಟ್ಟು ವೇತನ ಕೊಟ್ಟರೆ ಲಾಭವೇ ಹೋಗಬಹುದು. ಮುಂದಿನ ಗುತ್ತಿಗೆಯಲ್ಲಿ ಆ ಖರ್ಚನ್ನು ಸೇರಿಸಬಹುದು, ಆದರೆ ಪಕ್ಕದ ರಾಜ್ಯದ ಪೈಪೋಟಿದಾರ ಸೇರಿಸದಿದ್ದರೆ? ಕರ್ನಾಟಕ ಮಾತ್ರ ಬಿಗಿ ಮಾಡಿದರೆ ಕೆಲಸ ಹೈದರಾಬಾದಿಗೋ ಪುಣೆಗೋ ಹೋಗುತ್ತದೆ ಎಂಬ ಭಯವನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ದೇಶಕ್ಕೆಲ್ಲ ಒಂದೇ ನಿಯಮ ಇದ್ದರೆ ಒಳ್ಳೆಯದು ಎನ್ನಲು ಅದೇ ಕಾರಣ.

ಇನ್ನೊಂದು, ನಿಧಾನವಾಗಿ ಕೆಲಸ ಮಾಡುವವನಿಗೆ ಹೆಚ್ಚು ಹಣ, ಬೇಗ ಮುಗಿಸಿ ಹೊರಡುವವನಿಗೆ ಕಡಿಮೆ ಎಂಬ ದೂರು. ನಿಜ, ಹಾಗೂ ಆಗುತ್ತದೆ. ಆದರೆ ಓಟಿಯನ್ನು ಮಂಜೂರು ಮಾಡುವವನು ವ್ಯವಸ್ಥಾಪಕನೇ ತಾನೇ? ತನ್ನ ತಂಡದಲ್ಲಿ ಯಾರು ಕೆಲಸ ಎಳೆಯುತ್ತಾರೆ ಎಂಬುದು ಅವನಿಗೆ ಗೊತ್ತಿರಬೇಕು.

ನನ್ನನ್ನು ನಿಜವಾಗಿ ಚಿಂತೆಗೆ ಹಚ್ಚುವುದು ನಿಗಾ. ಗಂಟೆ ಎಣಿಸಬೇಕೆಂದ ಕೂಡಲೇ ಕೆಲವು ಕಂಪನಿಗಳು ಕೀಲಿಮಣೆಯ ಪ್ರತಿ ಒತ್ತನ್ನು, ಪರದೆಯ ಚಿತ್ರವನ್ನು ದಾಖಲಿಸುವ ತಂತ್ರಾಂಶ ಹಾಕುತ್ತವೆ. ಮನೆಯಿಂದ ಕೆಲಸ ಮಾಡುವವರಿಗೆ ಇದು ಉಸಿರುಗಟ್ಟಿಸುವ ವಾತಾವರಣ. ಬಂದ ಹೊತ್ತು, ಹೊರಟ ಹೊತ್ತು ಬರೆದುಕೊಂಡರೆ ಓಟಿಗೆ ಸಾಕು. ಅದಕ್ಕಿಂತ ಹೆಚ್ಚಿನದನ್ನು ದಾಖಲಿಸಲು ಓಟಿಯ ನೆಪ ಹೇಳಕೂಡದು ಎಂದು ನಿಯಮದಲ್ಲೇ ಬರೆಯಬೇಕು.

ಮೂಲ ಸಂಬಳವನ್ನೇ ಇಳಿಸಿ, ಓಟಿ ಸೇರಿ ಅಷ್ಟೇ ಆಗುವಂತೆ ಮಾಡಿದರೆ?

ಅರ್ಥಶಾಸ್ತ್ರಜ್ಞರು ಹೇಳುವ ಬಲವಾದ ಆಕ್ಷೇಪ ಇದೇ. ಈಗಿರುವವರ ಸಂಬಳವನ್ನು ಇಳಿಸುವುದು ಕಷ್ಟ, ಆದರೆ ಹೊಸಬರ ಪ್ಯಾಕೇಜನ್ನು ಹಾಗೆ ಹೊಂದಿಸುವುದು ಸುಲಭ. ಎರಡು ಮೂರು ವರ್ಷಗಳ ಅಪ್ರೈಸಲ್‌ನಲ್ಲಿ ಏರಿಕೆ ತಗ್ಗಿಸಿದರೂ ಅದೇ ಫಲ. ಇದನ್ನು ಒಪ್ಪಿಕೊಂಡೇ ನಾನು ಓಟಿಯ ಪರವಾಗಿದ್ದೇನೆ. ಏಕೆಂದರೆ ಕೈಗೆ ಬರುವ ಮೊತ್ತ ಅಷ್ಟೇ ಉಳಿದರೂ, ಹೆಚ್ಚುವರಿ ಗಂಟೆಗೆ ಬೆಲೆ ಬಿದ್ದಿರುತ್ತದೆ. ಅನಿರೀಕ್ಷಿತವಾಗಿ ರಾತ್ರಿ ಹತ್ತರವರೆಗೆ ಕೂರಿಸಿಕೊಂಡರೆ ಖರ್ಚು ಏರುತ್ತದೆ. ಓಟಿ ಬಂದ ಮಾತ್ರಕ್ಕೆ ಎಲ್ಲರ ಆದಾಯ ಏರಿಬಿಡುತ್ತದೆ ಎಂದು ಮಾತ್ರ ಯಾರೂ ಆಸೆ ಹುಟ್ಟಿಸಬಾರದು.

ಬೇರೆ ದೇಶಗಳಲ್ಲಿ ಪ್ರಯತ್ನಿಸಿದ್ದಾರೆಯೇ?

ಅಮೆರಿಕದ ಕಥೆಯಿಂದ ಕಲಿಯುವುದು ಬಹಳ ಇದೆ. ರೂಸ್‌ವೆಲ್ಟ್ 1938ರಲ್ಲಿ ಸಹಿ ಹಾಕಿದ ನ್ಯಾಯೋಚಿತ ಕಾರ್ಮಿಕ ಮಾನದಂಡಗಳ ಕಾಯ್ದೆಯಂತೆ ಅಲ್ಲಿ ಇಂದು ವಾರಕ್ಕೆ 40 ಗಂಟೆ ಮೀರಿದರೆ ಒಂದೂವರೆ ಪಟ್ಟು ವೇತನ. ಕಾರ್ಯನಿರ್ವಾಹಕ, ಆಡಳಿತಾತ್ಮಕ, ವೃತ್ತಿಪರ ಹುದ್ದೆಗಳಿಗೆ ವಿನಾಯಿತಿ ಇದೆ, ಆದರೆ ಹುದ್ದೆಯ ಹೆಸರು ಇದ್ದರೆ ಸಾಲದು. ಸಾಮಾನ್ಯವಾಗಿ ನಿಗದಿತ ಸಂಬಳವಿರಬೇಕು, ಅದು ಒಂದು ಮಿತಿಗಿಂತ ಹೆಚ್ಚಿರಬೇಕು, ಮಾಡುವ ಕೆಲಸವೂ ಆ ದರ್ಜೆಯದಾಗಿರಬೇಕು. ಜಗಳವೆಲ್ಲ ಆ ಮಿತಿಯ ಮೇಲೆ. 1975ರಿಂದ 2004ರವರೆಗೆ ಅದು ಕದಲಲೇ ಇಲ್ಲ, ಬೆಲೆಗಳು ಮಾತ್ರ ಏರುತ್ತ ಹೋದವು. ಅಂಗಡಿಯ ಶೆಲ್ಫ್ ಜೋಡಿಸುವವರನ್ನೂ ‘ಸಹಾಯಕ ವ್ಯವಸ್ಥಾಪಕ’ ಎಂದು ಕರೆದು ಓಟಿ ತಪ್ಪಿಸುವುದು ಅಲ್ಲಿ ರೂಢಿಯಾಯಿತು.

ಒಬಾಮ ಆಡಳಿತ 2016ರಲ್ಲಿ ಮಿತಿಯನ್ನು ವರ್ಷಕ್ಕೆ 23,660 ಡಾಲರಿನಿಂದ 47,476 ಡಾಲರಿಗೆ ಏರಿಸಿತು. ಜಾರಿಗೆ ಬರಲು ಕೆಲವೇ ದಿನ ಇರುವಾಗ ಟೆಕ್ಸಾಸಿನ ನ್ಯಾಯಾಲಯ ತಡೆದಿತು. ಅಷ್ಟರೊಳಗೆ ವಾಲ್‌ಮಾರ್ಟ್ ತನ್ನ ಸಹಾಯಕ ವ್ಯವಸ್ಥಾಪಕರ ಆರಂಭಿಕ ಸಂಬಳವನ್ನು 45,000ದಿಂದ 48,500 ಡಾಲರಿಗೆ ಏರಿಸಿಬಿಟ್ಟಿತ್ತು, ಅಂದರೆ ಮಿತಿಯ ತುಸು ಮೇಲಕ್ಕೆ. ಮಿತಿ ಏರಿದರೆ ಕಂಪನಿಗಳು ಸಂಬಳ ಏರಿಸುವುದೂ ಉಂಟು ಎಂಬುದಕ್ಕೆ ಇದು ಸಾಕ್ಷಿ. 2020ರಿಂದ ಮಿತಿ ವಾರಕ್ಕೆ 684 ಡಾಲರ್, ವರ್ಷಕ್ಕೆ 35,568. ಬೈಡನ್ ಆಡಳಿತ 2024ರಲ್ಲಿ ಎರಡು ಹಂತಗಳಲ್ಲಿ 58,656ಕ್ಕೆ ಏರಿಸಲು ಹೊರಟಿತು. ಅದೇ ವರ್ಷದ ನವೆಂಬರ್‌ನಲ್ಲಿ ಮತ್ತೆ ಟೆಕ್ಸಾಸಿನ ನ್ಯಾಯಾಲಯವೇ ರದ್ದುಗೊಳಿಸಿತು. 684 ಡಾಲರಿಗೆ ವಾರದಲ್ಲಿ 60 ಗಂಟೆ ದುಡಿಯುವ ‘ವ್ಯವಸ್ಥಾಪಕ’ನಿಗೆ ಗಂಟೆಗೆ ಬೀಳುವುದು 11 ಡಾಲರ್ 40 ಸೆಂಟ್.

ಅಲ್ಲಿರುವ ನಮ್ಮ ಕನ್ನಡಿಗ ಎಂಜಿನಿಯರ್‌ಗಳಿಗೆ ಒಂದು ಮಾತು: ಕಂಪ್ಯೂಟರ್ ವೃತ್ತಿಪರರಿಗೆ ಅಲ್ಲಿ ಪ್ರತ್ಯೇಕ ವಿನಾಯಿತಿ ಇದೆ, ಗಂಟೆ ಲೆಕ್ಕದಲ್ಲಿ 27.63 ಡಾಲರ್ ಸಿಗುತ್ತಿದ್ದರೂ ಸಾಕು, ಕೆಲಸ ಆ ಬಗೆಯದಾಗಿದ್ದರೆ ಒಂದೂವರೆ ಪಟ್ಟಿನ ಹಕ್ಕು ಇಲ್ಲ. ಕ್ಯಾಲಿಫೋರ್ನಿಯಾದ ಮಿತಿಗಳು ಇದಕ್ಕಿಂತ ಬಹಳ ಮೇಲಿವೆ. ಅಲ್ಲಿ ದಿನಕ್ಕೆ 8 ಗಂಟೆ ಮೀರಿದರೂ ಓಟಿ ಶುರುವಾಗುತ್ತದೆ.

‘ಮ್ಯಾನೇಜರ್’ ಎಂದು ಹೆಸರಿಟ್ಟರೆ ನಮ್ಮಲ್ಲೂ ಹಕ್ಕು ಹೋಗುತ್ತದೆಯೇ?

ಹೆಸರಿನಿಂದ ಹೋಗಬಾರದು. ‘ಕಾರ್ಮಿಕ’ ಯಾರು ಎಂದು ತೀರ್ಮಾನಿಸುವಾಗ ಹುದ್ದೆಯ ಹೆಸರಲ್ಲ, ಮುಖ್ಯವಾಗಿ ಮಾಡುವ ಕೆಲಸದ ಸ್ವರೂಪವೇ ಅಳತೆಗೋಲು ಎಂದು ಸುಪ್ರೀಂ ಕೋರ್ಟ್ ಹಲವು ಬಾರಿ ಹೇಳಿದೆ. ನೇಮಿಸುವ, ರಜೆ ಮಂಜೂರು ಮಾಡುವ, ಶಿಸ್ತುಕ್ರಮ ಕೈಗೊಳ್ಳುವ ಅಧಿಕಾರ ನಿಮಗಿದೆಯೇ? ಇಲ್ಲದಿದ್ದರೆ ವಿಸಿಟಿಂಗ್ ಕಾರ್ಡಿನ ಮೇಲೆ ಏನೇ ಅಚ್ಚಾಗಿದ್ದರೂ ವಾದಿಸಲು ಜಾಗವಿದೆ.

ಪೀಣ್ಯದ ಒಂದು ಕಾರ್ಖಾನೆಯ ಸಂಬಳ ವಿಭಾಗದಲ್ಲಿ ನಾನು ಕೆಲಸ ಮಾಡಿದ್ದೇನೆ. ಪ್ರತಿ ತಿಂಗಳ ಕೊನೆಗೆ ಯಂತ್ರಗಳ ಮೇಲೆ ದುಡಿದವರ ಓಟಿ ಪಟ್ಟಿ ತಯಾರಿಸುವುದು ನಮ್ಮ ಪಾಲಿನ ಕೆಲಸ. ಪಂಚಿಂಗ್ ದಾಖಲೆಯನ್ನೂ ಮೇಲ್ವಿಚಾರಕರ ಚೀಟಿಯನ್ನೂ ಸಾಲು ಸಾಲಾಗಿ ಹೋಲಿಸಿ, ಅರ್ಧ ಗಂಟೆ ತಪ್ಪಿದರೂ ಮರುದಿನ ಬಾಗಿಲಲ್ಲಿ ನಿಲ್ಲುವ ಕಾರ್ಮಿಕನಿಗೆ ಉತ್ತರ ಹೇಳಬೇಕಿತ್ತು. ಅವನು ಬಂದು ಕೇಳುತ್ತಿದ್ದುದೇ ಸರಿ. ಆ ಪಟ್ಟಿ ಮುಗಿಯುವಾಗ ರಾತ್ರಿ ಒಂಬತ್ತೋ ಹತ್ತೋ. ಪಟ್ಟಿಯಲ್ಲಿ ನಮ್ಮ ಹೆಸರುಗಳು ಇರುತ್ತಿರಲಿಲ್ಲ. ನಾವು ‘ಜೂನಿಯರ್ ಎಕ್ಸಿಕ್ಯೂಟಿವ್’ಗಳು. ನಮ್ಮ ಹಾಜರಿಯಲ್ಲಿ ಹೊರಟ ಹೊತ್ತಿನ ಅಂಕಣವೇ ಇರಲಿಲ್ಲ. ನಮಗಿಂತ ಹೆಚ್ಚು ಸಂಬಳದ ಹಿರಿಯ ಆಪರೇಟರ್‌ಗಳು ಅಲ್ಲಿ ಅನೇಕರಿದ್ದರು.

ಬ್ಯಾಂಕುಗಳಲ್ಲಿ ಹೇಗೆ?

ಗುಮಾಸ್ತರಿಗೆ ದ್ವಿಪಕ್ಷೀಯ ಒಪ್ಪಂದದಂತೆ, ಅಂದರೆ ಬ್ಯಾಂಕುಗಳ ಆಡಳಿತವೂ ನೌಕರರ ಸಂಘಗಳೂ ಮಾಡಿಕೊಂಡ ಒಪ್ಪಂದದಂತೆ, ಓಟಿ ಇದೆ, ಅಧಿಕಾರಿಗಳಿಗಿಲ್ಲ. ಬಡ್ತಿ ಬೇಡವೆನ್ನುವ ಗುಮಾಸ್ತರ ಕಾರಣಗಳಲ್ಲಿ ವರ್ಗಾವಣೆಯ ಜೊತೆ ಹೊತ್ತುಗೊತ್ತಿಲ್ಲದ ದುಡಿಮೆಯೂ ಒಂದು.

ಶಿಕ್ಷಕರು, ದಾದಿಯರು?

ಶಿಕ್ಷಕರು ಕೈಗಾರಿಕಾ ವಿವಾದ ಕಾಯ್ದೆಯ ‘ಕಾರ್ಮಿಕ’ರಲ್ಲ ಎಂದು ಸುಪ್ರೀಂ ಕೋರ್ಟ್ 1988ರಲ್ಲಿ ತೀರ್ಪು ಕೊಟ್ಟಿತು. ಅಮೆರಿಕದ ಕಾನೂನೂ ಶಿಕ್ಷಕರಿಗೆ ಓಟಿ ಕೊಡುವುದಿಲ್ಲ. ಸಂಬಳದ ಮಿತಿಯೂ ಅವರಿಗೆ ಅನ್ವಯಿಸುವುದಿಲ್ಲ. ಖಾಸಗಿ ಶಾಲೆಯ ಶಿಕ್ಷಕಿ ಮನೆಗೆ ಹೊತ್ತೊಯ್ಯುವ ಉತ್ತರ ಪತ್ರಿಕೆಗಳ ಕಟ್ಟನ್ನು ಗಂಟೆಯಲ್ಲಿ ಅಳೆಯುವುದು ಸುಲಭವಲ್ಲ ಎಂಬುದು ನಿಜ. ಅವರಿಗೆ ಓಟಿಗಿಂತ ಮೊದಲು ಮರ್ಯಾದೆಯ ಸಂಬಳ ಸಿಗಬೇಕು. ದಾದಿಯರ ಪರಿಸ್ಥಿತಿ ಬೇರೆ: ಪಾಳಿ ಸ್ಪಷ್ಟ, ಸಮಯ ಸ್ಪಷ್ಟ, ಮುಂದಿನ ಪಾಳಿಯವರು ಬರುವ ತನಕ ರೋಗಿಯನ್ನು ಬಿಟ್ಟು ಹೋಗುವಂತಿಲ್ಲ. ಅವರಿಗೆ ಓಟಿ ಕೊಡದಿರಲು ನನಗೆ ಒಂದು ಕಾರಣವೂ ಕಾಣುವುದಿಲ್ಲ.

ಓಟಿಯ ಬದಲು ಕಾಂಪ್-ಆಫ್ (ಹೆಚ್ಚುವರಿ ದುಡಿಮೆಗೆ ಬದಲಿ ರಜೆ) ಕೊಟ್ಟರೆ ಸಾಲದೇ?

ನೌಕರ ಕೇಳಿದ ವಾರದಲ್ಲೇ ಆ ರಜೆ ಸಿಗುವುದಾದರೆ ಅನೇಕರಿಗೆ ಹಣಕ್ಕಿಂತ ಅದೇ ಇಷ್ಟ. ನಡೆಯುವುದು ಮಾತ್ರ ಬೇರೆ. ಕಾಂಪ್-ಆಫ್ ಖಾತೆಯಲ್ಲಿ ಜಮೆಯಾಗುತ್ತದೆ, ‘ಈ ರಿಲೀಸ್ ಮುಗಿಯಲಿ’ ಎನ್ನುತ್ತಾರೆ, ಅವಧಿ ಮುಗಿದು ರದ್ದಾಗುತ್ತದೆ. ದುಪ್ಪಟ್ಟು ವೇತನಕ್ಕೆ ಸಾಟಿಯಾಗಬೇಕಾದರೆ ಒಂದು ಗಂಟೆಗೆ ಎರಡು ಗಂಟೆ ರಜೆ ಕೊಡಬೇಕು. ಬಳಸದೆ ಉಳಿದದ್ದನ್ನು ಹಣವಾಗಿ ತೀರಿಸಬೇಕು.

ಹಾಗಾದರೆ ಗೆರೆ ಎಲ್ಲಿ ಎಳೆಯಬೇಕು?

ಎಲ್ಲರಿಗೂ ಓಟಿ ಬೇಡ. ತನ್ನ ಹೊತ್ತನ್ನು ತಾನೇ ನಿರ್ಧರಿಸಬಲ್ಲ, ನಾಲ್ಕು ಜನರ ಕೆಲಸಕ್ಕೆ ಹೊಣೆಯಾದ, ಅದಕ್ಕೆ ತಕ್ಕ ಸಂಬಳ ಪಡೆಯುವ ಹಿರಿಯ ವ್ಯವಸ್ಥಾಪಕನಿಗೆ ಅದರ ಅಗತ್ಯವಿಲ್ಲ. ಹೊರಗಿಡುವ ಮೊದಲು ಎರಡೂ ನೋಡಬೇಕು: ನಿಜವಾದ ಅಧಿಕಾರ ಇದೆಯೇ, ಸಂಬಳ ಅದಕ್ಕೆ ತಕ್ಕಷ್ಟಿದೆಯೇ. ಒಂದು ಇಲ್ಲದಿದ್ದರೂ ಓಟಿ ಸಿಗಬೇಕು. ಸಂಬಳದ ಮಿತಿಯನ್ನು ತುಟ್ಟಿಭತ್ಯೆಯಂತೆ ಬೆಲೆ ಸೂಚ್ಯಂಕಕ್ಕೆ ಕಟ್ಟಿಹಾಕಬೇಕು. ಇಲ್ಲವಾದರೆ 18,000ದ ಗೆರೆ ಅಮೆರಿಕದ 1975ರ ಗೆರೆಯಂತೆ ಮೂವತ್ತು ವರ್ಷ ಅಲ್ಲೇ ಕುಳಿತಿರುತ್ತದೆ. ಓಟಿ ಇರಲಿ, ಇಲ್ಲದಿರಲಿ, ಪ್ರತಿಯೊಬ್ಬ ನೌಕರನ ಬಂದ ಹೊತ್ತು, ಹೊರಟ ಹೊತ್ತು ದಾಖಲಾಗಬೇಕು, ಅದರ ಪ್ರತಿ ನೌಕರನಿಗೂ ಸಿಗಬೇಕು. ದಾಖಲೆಯೇ ಇಲ್ಲದ ಕಡೆ ಯಾವ ಹಕ್ಕನ್ನು ಯಾರು ಸಾಧಿಸಿ ತೋರಿಸಲು ಸಾಧ್ಯ?

ಕಾನೂನು ಬದಲಾಗುವ ತನಕ ನಾನೇನು ಮಾಡಬಹುದು?

ಮೊದಲು ನೇಮಕಾತಿ ಪತ್ರ ತೆಗೆದು ಕೆಲಸದ ಗಂಟೆಗಳ ಬಗ್ಗೆ ಏನು ಬರೆದಿದೆ ಓದಿ. ‘ಅಗತ್ಯಕ್ಕೆ ತಕ್ಕಂತೆ ಹೆಚ್ಚುವರಿ ಸಮಯ’ ಎಂಬ ಸಾಲಿದ್ದರೂ ಶಾಸನ ಕೊಟ್ಟ ಹಕ್ಕನ್ನು ಒಪ್ಪಂದದಿಂದ ಕಿತ್ತುಕೊಳ್ಳಲಾಗದು. ಬಂದ ಮತ್ತು ಹೊರಟ ಹೊತ್ತನ್ನು ನಿಮ್ಮದೇ ಪುಸ್ತಕದಲ್ಲಿ ದಿನವೂ ಬರೆದಿಡಿ. ತಡರಾತ್ರಿಯ ಕೆಲಸಕ್ಕೆ ಬಾಯಿಮಾತಿನ ಆದೇಶ ಬಂದರೆ ‘ನೀವು ಹೇಳಿದಂತೆ ಇಂದು ಹತ್ತರವರೆಗೆ ಕೆಲಸ ಮುಂದುವರಿಸುತ್ತೇನೆ’ ಎಂದು ಒಂದು ಸಾಲಿನ ಇ-ಮೇಲ್ ಕಳಿಸಿ. ಕಂಪನಿಯ ಗೋಪ್ಯ ಕಡತಗಳನ್ನು ಮಾತ್ರ ಮನೆಗೆ ಒಯ್ಯಬೇಡಿ, ಅದೇ ನಿಮ್ಮ ಮೇಲಿನ ಆರೋಪವಾದೀತು.

ಒಬ್ಬರೇ ಹೋಗಿ ಕೇಳುವುದಕ್ಕಿಂತ ತಂಡದ ನಾಲ್ಕೈದು ಜನ ಸೇರಿ ಮಾನವ ಸಂಪನ್ಮೂಲ ವಿಭಾಗಕ್ಕೆ ಬರೆದರೆ ತೂಕ ಹೆಚ್ಚು. ಉತ್ತರ ಬರದಿದ್ದರೆ ನಿಮ್ಮ ವ್ಯಾಪ್ತಿಯ ಕಾರ್ಮಿಕ ನಿರೀಕ್ಷಕರಿಗೆ ದೂರು ಕೊಡಬಹುದು. ವೇತನ ಸಂಹಿತೆಯಡಿ ಬಾಕಿ ಕೇಳಲು ಮೂರು ವರ್ಷಗಳ ಕಾಲಾವಕಾಶ ಇದೆ. ಕೆಲಸದಲ್ಲಿದ್ದುಕೊಂಡೇ ದೂರು ಕೊಡುವುದು ಎಷ್ಟು ಕಷ್ಟವೆಂದು ನನಗೆ ಗೊತ್ತು. ಕೆಲಸ ಬಿಟ್ಟ ಮೇಲೂ ಆ ಅವಧಿಯೊಳಗೆ ಕೇಳಬಹುದು. ಆಗ ನಿಮ್ಮ ಕೈಯಲ್ಲಿರುವುದು ನೀವು ಬರೆದಿಟ್ಟ ಪುಸ್ತಕ ಮತ್ತು ಆ ಇ-ಮೇಲ್‌ಗಳು. ಆದ್ದರಿಂದ ಬರೆಯುವುದನ್ನು ಇವತ್ತೇ ಶುರು ಮಾಡಿ.